ದೂರು ಪತ್ರ: ಪರೀಕ್ಷೆ ಮಾಡದೆ ಮುಚ್ಚಿದ ಪೈಪು, ಪರೀಕ್ಷೆ ಮಾಡದೆ ಮಾರಿದ ಯಂತ್ರ

ಗೆ,
ವ್ಯವಸ್ಥಾಪಕರು,
ಮನೆ ಪ್ಲಂಬಿಂಗ್ ಮತ್ತು ವಾರ್ಷಿಕ ನಿರ್ವಹಣೆ ವಿಭಾಗ,
ಮಡಗಾಂವ, ದಕ್ಷಿಣ ಗೋವಾ

ವಿಷಯ: ಮನೆಯ ನೀರಿನ ವ್ಯವಸ್ಥೆಯ ನವೀಕರಣದಲ್ಲಿ ಆಗಿರುವ ಗಂಭೀರ ದೋಷಗಳು, ಅವುಗಳ ದುರಸ್ತಿ ಮತ್ತು ಹಣ ವಾಪಸಾತಿ ಕುರಿತು

ಮಾನ್ಯರೇ,

ನಮ್ಮ ಮನೆಯಲ್ಲಿ ನಿಮ್ಮ ಸಂಸ್ಥೆ ಒಪ್ಪಿಕೊಂಡ ಕೆಲಸ ಇಷ್ಟು: ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು ತೆಗೆದು ಸಿಪಿವಿಸಿ (ಬಿಸಿನೀರನ್ನೂ ತಾಳುವ ಪ್ಲಾಸ್ಟಿಕ್ ಪೈಪು) ಹಾಕುವುದು, ಸಾಳಾವಲಿ ಅಣೆಕಟ್ಟಿನಿಂದ ಬರುವ ನಳದ ನೀರನ್ನೂ ಬಾವಿಯ ನೀರನ್ನೂ ಮಾಳಿಗೆಯ ಮೇಲಿನ ಎರಡು ಟಾಕಿಗಳಿಗೆ ಬೇರೆಬೇರೆಯಾಗಿ ಏರಿಸುವುದು, ಪ್ರೆಷರ್ ಪಂಪು ಕೂಡಿಸುವುದು, ಬಾವಿನೀರು ಬಿಡುವ ಕೆಂಪು ಕಲೆಗೆ ಪರಿಹಾರ ಕೊಡುವುದು. ಬಿಲ್ಲಿನ ಹಣ ಪೂರ್ತಿ ಸಂದಾಯವಾಗಿದೆ. ಆದರೆ ಕೆಲಸದಲ್ಲಿ ಉಳಿದಿರುವ ದೋಷಗಳಲ್ಲಿ ಒಂದು ಜೀವಕ್ಕೇ ಅಪಾಯ, ಇನ್ನೊಂದು ಊರಿನ ನೀರಿಗೇ ಅಪಾಯ. ನಿಮ್ಮ ಮೇಸ್ತ್ರಿಯವರೂ ಕೆಲಸಗಾರರೂ ಬಾಗಲಕೋಟೆ, ಗದಗದ ಕಡೆಯವರು. ಅವರೂ ಓದಿ ತಿಳಿಯಲಿ ಎಂದೇ ಈ ಪತ್ರವನ್ನು ಕನ್ನಡದಲ್ಲಿ ಬರೆದಿದ್ದೇವೆ.

ಮೊದಲು ಗೀಸರಿನ ವಿಷಯ, ಏಕೆಂದರೆ ಇದು ಒಂದು ದಿನವೂ ಕಾಯುವಂಥದ್ದಲ್ಲ. 25 ಲೀಟರಿನ ಗೀಸರಿಗೆ ತಣ್ಣೀರು ಹೋಗುವ ಕಡೆ ಇರುವ ಸೇಫ್ಟಿ ವಾಲ್ವಿನ ಬಾಯಿಗೆ ಕ್ಯಾಪ್ ಬಿಗಿದು ಹೋಗಿದ್ದಾರೆ. ಕಾರಣ ಕೇಳಿದರೆ ‘ತೊಟ್ಟಿಕ್ಕುತ್ತಿತ್ತು, ಬಂದ್ ಮಾಡಿದೆವು’ ಎಂಬ ಉತ್ತರ ಬಂದಿದೆ. ತೊಟ್ಟಿಕ್ಕುವುದು ಆ ವಾಲ್ವಿನ ಕೆಲಸ. 25 ಡಿಗ್ರಿಯ 25 ಲೀಟರ್ ನೀರು 65 ಡಿಗ್ರಿಗೆ ಕಾದಾಗ ಹಿಗ್ಗಿ ಸುಮಾರು 400 ಮಿಲಿಲೀಟರಿನಷ್ಟು ಹೆಚ್ಚುತ್ತದೆ. ಮೊದಲು ಟಾಕಿಯಿಂದ ನೇರವಾಗಿ ಬರುವ ಲೈನು ಇದ್ದಾಗ ಆ ಹೆಚ್ಚಿನ ನೀರು ಹಿಂದಕ್ಕೆ ಟಾಕಿಗೇ ಹೋಗುತ್ತಿತ್ತು. ನೀವು ಪ್ರೆಷರ್ ಪಂಪು ಕೂಡಿಸಿದಾಗ ಅದರ ಜೊತೆ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವು) ಬಂತು, ಹಿಂದೆ ಹೋಗುವ ದಾರಿ ಮುಚ್ಚಿತು. ಹಾಗಾಗಿ ವಾಲ್ವು ತೊಟ್ಟಿಕ್ಕಲು ಶುರುವಾದದ್ದು ನಿಮ್ಮ ಪಂಪಿನಿಂದಲೇ. ಅದರ ಮೇಲೆ ಕ್ಯಾಪ್ ಹಾಕಿದರೆ ಹಿಗ್ಗಿದ ನೀರಿಗೆ ಎಲ್ಲೂ ಜಾಗವಿಲ್ಲ. ಬಿಸಿ ಮಿತಿ ಮೀರದಂತೆ ಕರೆಂಟು ಕಡಿಯುವ ಥರ್ಮೋಸ್ಟಾಟೂ ಕಟೌಟೂ ಕೈಕೊಟ್ಟ ದಿನ ಗೀಸರ್ ಸಿಡಿಯದಂತೆ ತಡೆಯಲು ಉಳಿಯುವುದು ಇದೊಂದೇ ವಾಲ್ವು. ಕ್ಯಾಪ್ ತೆಗೆಯುವವರೆಗೆ ಗೀಸರಿನ ಎಂಸಿಬಿ (ಕರೆಂಟಿನ ಸ್ವಿಚ್ಚು) ಇಳಿಸಿಯೇ ಇಟ್ಟಿದ್ದೇವೆ.

ಸರಿಪಡಿಸುವ ಕ್ರಮ: ಕ್ಯಾಪ್ ತೆಗೆದು ವಾಲ್ವಿನ ಬಾಯಿಯಿಂದ ಅರ್ಧ ಇಂಚಿನ ಪೈಪು ಇಳಿಜಾರಾಗಿ ಕೆಳಗೆ ತಂದು, ನಹಾನಿ ಟ್ರ್ಯಾಪಿನ (ಬಚ್ಚಲ ನೆಲದ ನೀರು ಹೋಗುವ ಬಾಯಿಯ) ಮೇಲೆ ಕಣ್ಣಿಗೆ ಕಾಣುವಂತೆ ತೆರೆದು ಬಿಡಬೇಕು. ವಾಲ್ವಿಗೂ ಗೀಸರಿಗೂ ನಡುವೆ ಯಾವ ಬಾಲ್ ವಾಲ್ವೂ ಇರಬಾರದು. ತೊಟ್ಟಿಕ್ಕುವುದೇ ಬೇಡವೆಂದರೆ ಹಿಗ್ಗಿದ ನೀರಿಗೆ ಜಾಗ ಕೊಡುವ ಸಣ್ಣ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಕೂಡಿಸಿ, ಅದಕ್ಕೆ ಬೇಕಾದಷ್ಟು ಜಾಗ ಅಲ್ಲಿದೆ.

ಬಿಸಿನೀರಿನ ಲೈನಿನ ಕಥೆ ಬೇರೆ. ಬಿಲ್ಲಿನಲ್ಲಿ ಬಿಸಿನೀರಿಗೆ ಸಿಪಿವಿಸಿ, ಎಸ್‌ಡಿಆರ್ 11 (ಪೈಪಿನ ವ್ಯಾಸ ಅದರ ಗೋಡೆಯ ದಪ್ಪದ 11 ಪಟ್ಟು) ಎಂದಿದೆ. ಅಡುಗೆಮನೆಯ ಹಿಂಗೋಡೆ ಒದ್ದೆಯಾದ ಮೇಲೆ ಗಿಲಾವು ಒಡೆದು ನೋಡಿದರೆ ಒಳಗಿರುವುದು ತಣ್ಣೀರಿಗೆ ಬಳಸುವ ಬಿಳಿಯ ಯುಪಿವಿಸಿ ಪ್ಲಾಸ್ಟಿಕ್ ಪೈಪು. ಸಿಪಿವಿಸಿ ಪೈಪಿನ ಮೈಮೇಲೆ ಐಎಸ್ 15778, ಎಸ್‌ಡಿಆರ್, ಅಳತೆ, ಬ್ಯಾಚ್ ನಂಬರು ಸಾಲಾಗಿ ಅಚ್ಚಾಗಿರುತ್ತದೆ, ಬಣ್ಣವೂ ಕೆನೆಯ ಹಾಗೆ ತುಸು ಹಳದಿ. ಈ ಪೈಪಿನ ಮೇಲೆ ಅದ್ಯಾವುದೂ ಇಲ್ಲ. ಯುಪಿವಿಸಿ ತಣ್ಣೀರಿಗೆ ಒಳ್ಳೆಯ ಪೈಪೇ, ಆದರೆ 60 ಡಿಗ್ರಿಗೆ ಬರುವಷ್ಟರಲ್ಲಿ ಅದು ತಡೆಯುವ ಒತ್ತಡ ತಣ್ಣೀರಿನಲ್ಲಿ ತಡೆಯುತ್ತಿದ್ದುದರ ಕಾಲುಭಾಗಕ್ಕೂ ಕಡಿಮೆಯಾಗುತ್ತದೆ. ಎಸ್‌ಡಿಆರ್ 11 ಸಿಪಿವಿಸಿಯಾದರೆ 82 ಡಿಗ್ರಿಯಲ್ಲೂ ಚದರ ಸೆಂಟಿಮೀಟರಿಗೆ 7 ಕೆಜಿ ತಡೆಯುತ್ತದೆ.

ಆ ಪೈಪಿನ ಒಂದು ಎಲ್ಬೋ (ತಿರುವಿನ ಜೋಡಣೆ) ಕೊಯ್ದು ನೋಡಿದೆವು, ಫೋಟೋ ಲಗತ್ತಿಸಿದೆ. ಪೈಪು ಎಲ್ಬೋದ ಒಳಗೆ ಅರ್ಧದಷ್ಟೇ ಹೋಗಿದೆ. ಸೊಲ್ಯೂಷನ್ (ಪೈಪಿನ ಅಂಟು) ಒಂದು ಮಗ್ಗುಲಿಗೆ ಮಾತ್ರ ಹತ್ತಿದೆ. ಕೊಯ್ದ ತುದಿ ಓರೆಯಾಗಿದೆ, ಸಿಬಿರೂ ತೆಗೆದಿಲ್ಲ. ಜೋಡಣೆಯ ಕ್ರಮ ನಿಮ್ಮ ಮೇಸ್ತ್ರಿಗೆ ಗೊತ್ತಿರಲೇಬೇಕು: ನೆಟ್ಟಗೆ ಕೊಯ್ದು, ಸಿಬಿರು ಕೆರೆದು, ಒಣಗಿಸಿ ಒರೆಸಿ, ಪೈಪಿಗೂ ಫಿಟ್ಟಿಂಗಿಗೂ ಎರಡಕ್ಕೂ ಸೊಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸಿ ತಳಮುಟ್ಟುವ ತನಕ ಒತ್ತಿ, ಅರ್ಧ ನಿಮಿಷ ಹಿಡಿದಿರಬೇಕು. ಸಿಪಿವಿಸಿಗೆ ಅದರದೇ ಸೊಲ್ಯೂಷನ್ ಬೇರೆ. ಒಂದೇ ಡಬ್ಬಿಯಿಂದ ಯುಪಿವಿಸಿಗೂ ಸಿಪಿವಿಸಿಗೂ ಹಚ್ಚುವುದು ಇಲ್ಲಿ ಸಲ್ಲದು.

ಇನ್ನೊಂದು ತಪ್ಪು ಅದೇ ಗೋಡೆಯಲ್ಲಿದೆ. ಸಿಪಿವಿಸಿ ಮೀಟರಿಗೆ, ಒಂದೊಂದು ಡಿಗ್ರಿಗೆ ಸುಮಾರು 0.06 ಮಿಲಿಮೀಟರ್ ಹಿಗ್ಗುತ್ತದೆ. ಗೀಸರಿನಿಂದ ಅಡುಗೆಮನೆಗೆ 8 ಮೀಟರ್ ನೇರ ಓಟ. ನೀರು 40 ಡಿಗ್ರಿ ಏರಿದರೆ ಸಿಪಿವಿಸಿಯೇ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ಉದ್ದವಾಗುತ್ತದೆ. ನೀವು ಹಾಕಿದ ಪೈಪೂ ಹಿಗ್ಗುವುದರಲ್ಲಿ ಕಡಿಮೆಯೇನಿಲ್ಲ. ಅದನ್ನು ಸಿಮೆಂಟಿನಲ್ಲಿ ಬಿಗಿಯಾಗಿ ಹೂತು, ತುದಿಯ ಎಲ್ಬೋಗೆ ಸರಿದಾಡಲು ಕೂದಲೆಳೆಯಷ್ಟೂ ಜಾಗ ಬಿಟ್ಟಿಲ್ಲ. ದಿನಕ್ಕೆ ಎರಡು ಸಲ ಗೀಸರ್ ಹಚ್ಚಿದರೆ ದಿನಕ್ಕೆ ಎರಡು ಸಲ ಆ ಎಲ್ಬೋದ ಮೇಲೆ ಒತ್ತು ಬೀಳುತ್ತದೆ. ಹೊಸ ಲೈನು ಹಾಕುವಾಗ ನಡುವೆ ಒಂದು ಲೂಪ್ ಕೊಡಿ, ಗೋಡೆಯೊಳಗೆ ಹೋಗುವ ಕಡೆ ಪೈಪಿಗೆ ಫೋಮ್ ಸುತ್ತಿ. ಗೀಸರಿಗೆ ತಾಗುವ ಕಡೆ ಹಿತ್ತಾಳೆಯ ಎಳೆ (ತಿರುಪಿನ ಗೆರೆ) ಇರುವ ಫಿಟ್ಟಿಂಗ್ ಹಾಕಿ. ಈಗಿರುವ ಪ್ಲಾಸ್ಟಿಕ್ ಎಳೆಗೆ ಜಿಐ ನಿಪ್ಪಲ್ ಬಿಗಿದು, ಮೇಲೆ ಸುತಳಿ ಸುತ್ತಿ ಸಫೇದಾ (ಎಣ್ಣೆಯಲ್ಲಿ ಕಲಸಿದ ಬಿಳಿ ಬಣ್ಣ) ಬಳಿದಿದ್ದಾರೆ. ಎಣ್ಣೆಯ ಅಂಶವಿರುವ ಯಾವ ಬಳಿಕೆಯೂ ಸಿಪಿವಿಸಿಗೆ ಆಗದು, ಕಾಲಕ್ರಮದಲ್ಲಿ ಎಳೆಯಲ್ಲೇ ಬಿರುಕು ಬಿಡುತ್ತದೆ. ಟೆಫ್ಲಾನ್ ಟೇಪ್ ಸಾಕು. ಕೈಯಿಂದ ಬಿಗಿದ ಮೇಲೆ ಪಾನಾದಿಂದ (ಸ್ಪ್ಯಾನರಿನಿಂದ) ಒಂದು, ಹೆಚ್ಚೆಂದರೆ ಎರಡು ಸುತ್ತು.

ಒದ್ದೆ ಕಂಡ ಜಾಗದಲ್ಲೇ ಸೋರಿಕೆ ಇದೆ ಎಂದುಕೊಂಡು ಅಲ್ಲಿಗಷ್ಟೇ ತೇಪೆ ಹಾಕಲು ಬರಬೇಡಿ. ನಮ್ಮದು ಚಿರೆಕಲ್ಲಿನ (ಕೆಂಪು ಮುರಕಲ್ಲಿನ) ಗೋಡೆ. ಆ ಕಲ್ಲಿನ ತುಂಬ ತೂತು, ನೀರು ಒಳಗೊಳಗೇ ಹರಿದು ಒಂದೆರಡು ಮೀಟರ್ ಆಚೆ ಹೊರಬೀಳುತ್ತದೆ.

ಈಗ ಬಾವಿ ಮತ್ತು ನಳ. ಎರಡು ಏರುಪೈಪಿಗೆ ಲೆಕ್ಕ ಹಾಕಿ ಹಣ ಪಡೆದು, ಅಂಗಳದಲ್ಲಿ ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ) ಹಾಕಿ ಎರಡೂ ನೀರನ್ನು ಒಂದೇ ಪೈಪಿಗೆ ಸೇರಿಸಿದ್ದೀರಿ. ನಡುವೆ ಒಂದು ಬಾಲ್ ವಾಲ್ವು, ಒಂದು ಎನ್‌ಆರ್‌ವಿ. ನಳದಲ್ಲಿ ಒತ್ತಡ ಇಲ್ಲದ ಹೊತ್ತಿನಲ್ಲಿ ಬಾವಿಯ ಪಂಪು ಓಡಿದರೆ, ಎನ್‌ಆರ್‌ವಿಯ ಬಾಯಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ಬಾವಿನೀರು ಸರ್ಕಾರಿ ಪೈಪಿಗೆ ನುಗ್ಗುತ್ತದೆ. ಮಳೆಗಾಲದಲ್ಲಿ ಬಾವಿಗೆ ಮೇಲಿನ ನೀರೂ ಇಳಿಯುತ್ತದೆ, ಶೌಚದ ಗುಂಡಿಯೂ ದೂರವಿಲ್ಲ. ಆ ನೀರು ಕುಡಿಯುವವರು ನಾವಷ್ಟೇ ಅಲ್ಲ, ಅದೇ ಲೈನಿನ ಅಕ್ಕಪಕ್ಕದ ಮನೆಯವರೂ ಹೌದು. ಕುಡಿಯುವ ನೀರಿನ ಸಾರ್ವಜನಿಕ ಕೊಳವೆಗೆ ಬೇರೆ ಮೂಲವನ್ನು ಹೀಗೆ ಜೋಡಿಸಬಾರದು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 9ನೇ ಭಾಗವೂ ಹೇಳುತ್ತದೆ. ಇದನ್ನು ನಾವು ಬಹಳ ಕಳವಳದಿಂದ ಬರೆಯುತ್ತಿದ್ದೇವೆ.

ಟೀ ತೆಗೆದು ಎರಡೂ ತುದಿಗೆ ಡಮ್ಮಿ (ಮುಚ್ಚಳ) ಹಾಕಬೇಕು. ನಳದ್ದು ಒಂದು ಏರುಪೈಪು, ಬಾವಿಯದು ಇನ್ನೊಂದು. ಎರಡೂ ಟಾಕಿಯೊಳಗೆ ಮೇಲಿನಿಂದ ಬೀಳಬೇಕು, ಪೈಪಿನ ಬಾಯಿ ಓವರ್‌ಫ್ಲೋ ಮಟ್ಟಕ್ಕಿಂತ ಪೈಪಿನ ವ್ಯಾಸದ ಎರಡರಷ್ಟು ಮೇಲೆ ಇರಬೇಕು. ನಮ್ಮ 25 ಮಿಲಿಮೀಟರ್ ಪೈಪಿಗೆ 50 ಮಿಲಿಮೀಟರ್. ಈ ಗಾಳಿಯ ಅಂತರ ಮಾಡುವ ಕೆಲಸವನ್ನು ಯಾವ ವಾಲ್ವೂ ಇಷ್ಟು ಖಾತ್ರಿಯಾಗಿ ಮಾಡದು. ಆಮೇಲೆ ಲೈನು ಮತ್ತು ಟಾಕಿ ಕ್ಲೋರಿನ್‌ನಿಂದ ತೊಳೆಯಬೇಕು: ಸಾವಿರ ಲೀಟರಿಗೆ 33 ಪ್ರತಿಶತದ ಹೊಸ ಬ್ಲೀಚಿಂಗ್ ಪೌಡರ್ 150 ಗ್ರಾಂ ಬಕೆಟ್ಟಿನಲ್ಲಿ ಕಲಸಿ, ಗಸಿ ಇಳಿದ ಮೇಲೆ ತಿಳಿಯನ್ನಷ್ಟೇ ಸುರಿದು, ಪ್ರತಿ ನಳದಲ್ಲೂ ಕ್ಲೋರಿನ್ ವಾಸನೆ ಬರುವ ತನಕ ಬಿಟ್ಟು, ನಾಲ್ಕು ತಾಸು ನಿಲ್ಲಿಸಿ, ಪೂರ್ತಿ ಚೆಲ್ಲಿ ಎರಡು ಸಲ ಹೊಸ ನೀರು ಹಾಯಿಸಬೇಕು. ಟಾಕಿಯ ಓವರ್‌ಫ್ಲೋ ಪೈಪು ಒಳಬರುವ ಪೈಪಿಗಿಂತ ಸಣ್ಣದಿದೆ, ಬಾಯಿಗೆ ಸೊಳ್ಳೆಜಾಳಿಗೆಯೂ ಇಲ್ಲ. ಅದನ್ನೂ ಇದೇ ಹೊತ್ತಿಗೆ ಮಾಡಿ.

ಇನ್ನು ಕೆಂಪು ಕಲೆಯ ಮದ್ದೆಂದು ನೀವು ಮಾರಿದ ವಾಟರ್ ಸಾಫ್ಟನರ್, ಅಂದರೆ ಗಡಸು ನೀರನ್ನು ಮೃದು ಮಾಡುವ ಯಂತ್ರ. ಅದನ್ನು ಕೂಡಿಸುವ ಮೊದಲು ಒಂದು ಲೋಟ ನೀರನ್ನೂ ಪರೀಕ್ಷಿಸಿಲ್ಲ. ಲ್ಯಾಬ್ ವರದಿ ಲಗತ್ತಿಸಿದೆ: ಗಡಸುತನ ಲೀಟರಿಗೆ 38 ಮಿಲಿಗ್ರಾಂ, ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕೆಳಗಾದರೆ ಹುಳಿ) 6.1, ಕಬ್ಬಿಣ 1.4 ಮಿಲಿಗ್ರಾಂ. ಕುಡಿಯುವ ನೀರಿನ ಐಎಸ್ 10500 ಮಾನದಂಡ ಗಡಸುತನಕ್ಕೆ ಒಪ್ಪುವ ಮಿತಿ 200. ಅಂದರೆ ಈ ನೀರು ಮೊದಲೇ ಮೃದು. ಚಿರೆಕಲ್ಲಿನ ನೆಲದ ಬಾವಿಗಳಲ್ಲಿ ಸಾಮಾನ್ಯವಾಗಿ ಹೀಗೇ: ಸುಣ್ಣ ಕಡಿಮೆ, ನೀರು ತುಸು ಹುಳಿ, ಕಬ್ಬಿಣ ಹೆಚ್ಚು. ಪಿಎಚ್ ಆದರೋ 6.5ರ ಕೆಳಮಿತಿಗಿಂತ ಕೆಳಗಿದೆ. ಹಳೆಯ ಜಿಐ ಪೈಪಿನ ಸತುವನ್ನು ತಿಂದು ಒಳಗೆ ತುಕ್ಕಿನ ಗಂಟು ಕಟ್ಟಿಸಿದ್ದೂ ಈ ಹುಳಿ ನೀರೇ. ಅಡುಗೆಮನೆಯಲ್ಲಿ ಇನ್ನೂ ಉಳಿಸಿರುವ ಜಿಐ ತುಂಡಿನಿಂದ ನೀರು ಸಣ್ಣಗೆ ಬರುವುದೂ ಇದರಿಂದಲೇ. ಅಲ್ಲಿ ಪಂಪಿನ ಒತ್ತಡ ಏರಿಸಿ ಉಪಯೋಗವಿಲ್ಲ, ತುಂಡನ್ನೇ ಬದಲಿಸಬೇಕು.

ಸಾಫ್ಟನರಿನ ಒಳಗೆ ತುಂಬಿರುವ ರೆಸಿನ್ ಎಂಬ ಸಣ್ಣ ಗುಂಡುಗಳು ಇರುವುದು ಸುಣ್ಣ, ಮೆಗ್ನೀಶಿಯಂ ತೆಗೆಯಲು. ಕಬ್ಬಿಣ 0.3 ಮಿಲಿಗ್ರಾಂ ದಾಟಿದರೆ ಬಟ್ಟೆಗೂ ಪಿಂಗಾಣಿಗೂ ಕಲೆ ಹತ್ತುತ್ತದೆ. ಬಾವಿಯಿಂದ ಬರುವಾಗ ತಿಳಿಯಾಗಿ ಕಾಣುವ ಕಬ್ಬಿಣ ಗಾಳಿ ತಾಗಿದ ಮೇಲೆ ಕೆಂಪಾಗಿ ಗಟ್ಟಿಯಾಗುತ್ತದೆ, ಆ ಗಸಿ ರೆಸಿನ್ನಿನ ಮೇಲೆ ಕೂತು ಅದನ್ನೇ ಕೆಡಿಸುತ್ತದೆ. ಯಂತ್ರ ಟೈಮರಿನ ಮೇಲೆ ತೊಳೆದುಕೊಳ್ಳುತ್ತದೆ, ಒಂದೊಂದು ಸಲಕ್ಕೆ ಸುಮಾರು 2 ಕೆಜಿ ಉಪ್ಪು. ಆ ಉಪ್ಪುನೀರಿನ ಪೈಪನ್ನು ಬಾವಿಯ ಮಗ್ಗುಲ ಇಂಗುಗುಂಡಿಗೆ ಬಿಟ್ಟಿದ್ದೀರಿ. ಈ ನೆಲದಲ್ಲಿ ಇಂಗಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಗೋವಾದಲ್ಲಿ ಬಾವಿ ಇರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಸಿಹಿನೀರಿನ ಬಾವಿಯನ್ನು ನಾವೇ ಉಪ್ಪಾಗಿಸಿಕೊಳ್ಳಲು ದುಡ್ಡು ಕೊಟ್ಟಂತಾಗಿದೆ. ಇದು ನಮಗೆ ಅತ್ಯಂತ ನೋವಿನ ವಿಷಯ.

ಬೇಕಿದ್ದದ್ದು ಬೇರೆ ಸಾಧನ. ಬಾವಿನೀರನ್ನು ಮೊದಲು ಕ್ಯಾಲ್ಸೈಟ್ (ಸುಣ್ಣಕಲ್ಲಿನ ಹರಳು) ತುಂಬಿದ ಪಾತ್ರೆಯ ಮೂಲಕ ಹಾಯಿಸಿ ಪಿಎಚ್ ಅನ್ನು 7ರ ಮೇಲೆ ತರಬೇಕು. ಹುಳಿ ನೀರಿನಲ್ಲಿ ಗಾಳಿಯೊಂದರಿಂದಲೇ ಕಬ್ಬಿಣ ಬೇಗ ಗಟ್ಟಿಯಾಗದು, ಹಾಗಾಗಿ ಈ ಹೆಜ್ಜೆ ಬಿಡುವಂತಿಲ್ಲ. ಆಮೇಲೆ ಗಾಳಿ ತಾಗಿಸಿ, ಮ್ಯಾಂಗನೀಸ್ ಡೈಆಕ್ಸೈಡ್ ಮಾಧ್ಯಮದ ಕಬ್ಬಿಣದ ಫಿಲ್ಟರಿನಲ್ಲಿ ಸೋಸಿ, ಆ ಫಿಲ್ಟರನ್ನು ಆಗಾಗ ನೀರು ಹಿಮ್ಮುಖವಾಗಿ ಹಾಯಿಸಿ ತೊಳೆಯಬೇಕು. ಕ್ಯಾಲ್ಸೈಟ್ ಕರಗುತ್ತಾ ಹೋಗುತ್ತದೆ, ಅದನ್ನು ನೋಡಿ ತುಂಬುವುದೇ ವಾರ್ಷಿಕ ನಿರ್ವಹಣೆಯ ಒಂದು ನಿಜವಾದ ಕೆಲಸ. ಉಪ್ಪು ಬೇಕಾಗಿಲ್ಲ.

ಕೊನೆಗೆ ಎಲ್ಲಕ್ಕೂ ಬೇರು: ಗಿಲಾವು ಹಾಕುವ ಮೊದಲು ಪ್ರೆಷರ್ ಟೆಸ್ಟ್ ಆಗಿಲ್ಲ. ಒಂದು ಗೇಜು, ಒಂದು ಕೈಪಂಪು ಇದ್ದಿದ್ದರೆ ಆ ಅರೆಬರೆ ಎಲ್ಬೋ ಅಂದೇ ಕಾಣುತ್ತಿತ್ತು. ಹೊಸ ಲೈನಿಗೆ ನಮ್ಮ ಎದುರೇ ಹೀಗೆ ಟೆಸ್ಟ್ ಆಗಬೇಕು: ಕೊನೆಯ ಜೋಡಣೆಯಾಗಿ 24 ತಾಸು ಕಳೆದಿರಬೇಕು. ಗೀಸರ್, ಪಂಪು, ಫಿಲ್ಟರ್ ಬೇರ್ಪಡಿಸಿ, ನಳದ ಬಾಯಿಗಳಿಗೆ ಡಮ್ಮಿ ಹಾಕಿ, ಎತ್ತರದ ತುದಿಯಿಂದ ಗಾಳಿಯೆಲ್ಲ ಹೊರಹೋಗುವಂತೆ ನಿಧಾನ ನೀರು ತುಂಬಬೇಕು. ಪಂಪು ಕೊಡುವ ಗರಿಷ್ಠ ಒತ್ತಡ 3 ಕೆಜಿ, ಆದ್ದರಿಂದ ಒಂದೂವರೆಪಟ್ಟು, ಅಂದರೆ 4.5 ಕೆಜಿಗೆ ಏರಿಸಿ ಎರಡು ತಾಸು ಬಿಡಬೇಕು. ಮುಳ್ಳು ಇಳಿಯಬಾರದು. ಪ್ಲಾಸ್ಟಿಕ್ ಪೈಪಿಗೆ ಕಂಪ್ರೆಸರ್ ಗಾಳಿಯಿಂದ ಟೆಸ್ಟ್ ಮಾಡುವುದು ಬೇಡ, ಒಡೆದರೆ ಚೂರು ಸಿಡಿಯುತ್ತದೆ. ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೋ, ಪಕ್ಕದಲ್ಲಿ ಟೇಪ್ ಹಿಡಿದು ತೆಗೆದದ್ದು, ನಮಗೆ ಕೊಡಬೇಕು.

ಗೀಸರಿನ ಕ್ಯಾಪ್ ಮತ್ತು ಅಂಗಳದ ಟೀ ಈ ಪತ್ರ ತಲುಪಿದ ಎರಡು ದಿನಗಳಲ್ಲಿ ತೆಗೆಯಬೇಕು. ಬಿಸಿನೀರಿನ ಲೈನು, ಎರಡನೆಯ ಏರುಪೈಪು, ಅಡುಗೆಮನೆಯ ಜಿಐ ತುಂಡು, ಒಡೆದ ಗಿಲಾವು ಮತ್ತು ಟೈಲ್ಸು 15 ದಿನಗಳೊಳಗೆ, ನಿಮ್ಮ ಖರ್ಚಿನಲ್ಲಿ ಆಗಬೇಕು. ಚೌತಿ ಹತ್ತಿರ ಬರುತ್ತಿದೆ, ಮನೆ ತುಂಬ ಜನ ಸೇರುವ ಹೊತ್ತಿಗೆ ಗೋಡೆ ಒಡೆದಿರಬಾರದು. ಸಾಫ್ಟನರನ್ನು ಮರಳಿ ಒಯ್ದು ಅದರ ಪೂರ್ತಿ ಬೆಲೆ, ಕೂಡಿಸಿದ ಕೂಲಿ ಸಹಿತ, ಮರಳಿಸಬೇಕು. ಪೈಪಿನ ಬ್ರಾಂಡು, ಅಳತೆ, ಮೀಟರು, ದರ ಬಿಡಿಸಿ ಬರೆದ ಹೊಸ ಬಿಲ್ಲೂ ಬೇಕು.

ಉತ್ತರ ಬರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾನ್ಯೂನತೆಯೆಂದು ದಕ್ಷಿಣ ಗೋವಾ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಕೊಯ್ದ ಎಲ್ಬೋ, ಪೈಪಿನ ತುಂಡು, ಕ್ಯಾಪ್ ಹಾಕಿದ ವಾಲ್ವಿನ ಫೋಟೋ ಸಾಕ್ಷಿಗಾಗಿ ಜೋಪಾನವಾಗಿವೆ. ಕೆಲಸಕ್ಕೆ ಬರುವ ಮೊದಲು ಯಾರು ಬರುತ್ತಾರೆ, ಯಾವ ಸಾಮಾನು ತರುತ್ತಾರೆ ಎಂದು ಬರಹದಲ್ಲಿ ತಿಳಿಸಿ. ಪೈಪಿನ ಮೇಲಿನ ಅಚ್ಚನ್ನು ಬಾಗಿಲಲ್ಲೇ ನೋಡಿ ಒಳಗೆ ಬಿಡುತ್ತೇವೆ.

ಇಂತಿ,
ಮನೆಯ ಮಾಲೀಕರು
ಮಡಗಾಂವ

ಲಗತ್ತು: ಬಿಲ್ಲಿನ ಪ್ರತಿ, ನೀರಿನ ಲ್ಯಾಬ್ ವರದಿ, ಎಲ್ಬೋ, ಸೇಫ್ಟಿ ವಾಲ್ವು ಮತ್ತು ಅಂಗಳದ ಟೀ ಫೋಟೋಗಳು