ರಬ್ಬರಿನ ಗೂಬೆ

2024ರ ಕ್ರಿಸ್‌ಮಸ್ ದಿನ ಕೋಳಿಕ್ಕೋಡಿನಲ್ಲಿ ಮಲಯಾಳದ ಕಥೆಗಾರ ಎಂ.ಟಿ. ವಾಸುದೇವನ್ ನಾಯರ್ ತೀರಿಕೊಂಡಾಗ ಅಲ್ಲಿ ರಾತ್ರಿ. ಅಮೆರಿಕದಲ್ಲಿರುವ ನಮಗಿನ್ನೂ ಬೆಳಗಿನ ಕಾಫಿಯ ಹೊತ್ತು. ಪಕ್ಕದ ಮನೆಯ ಮಲಯಾಳಿ ಚೇಚಿ (ಅಕ್ಕ ಅನ್ನುವುದಕ್ಕೆ ಅವರ ಮಾತು) ಫೋನ್ ಮಾಡಿ, "ಎಂ.ಟಿ. ಹೋದರು" ಅಂದರು. ಪೂರ್ತಿ ಹೆಸರು ಹೇಳಲಿಲ್ಲ. ಅವರಲ್ಲಿ ಆ ಎರಡಕ್ಷರ ಸಾಕು. ತೊಂಬತ್ತೊಂದು ದಾಟಿದ ಜೀವ, ಆದರೂ ಆಕೆಯ ದನಿ ಸ್ವಂತದವರು ಹೋದ ಹಾಗಿತ್ತು.

ಅವರ ಒಂದು ಹಳೆಯ ಕಥೆ, 'ನಿನ್ನ ನೆನಪಿಗೆ', ಆ ದಿನದಿಂದ ನನ್ನ ತಲೆಯಲ್ಲಿ ಕೂತಿದೆ. ಪರದೇಶದಲ್ಲಿ ಸಂಸಾರ ಹೂಡಿದವರೆಲ್ಲ ಓದಬೇಕಾದ ಕಥೆ. ಎಂ.ಟಿ. ಹುಟ್ಟಿದ್ದು 1933ರಲ್ಲಿ, ಭಾರತಪ್ಪುಳ ಹೊಳೆಯ ದಂಡೆಯ ಕೂಡಲ್ಲೂರಿನಲ್ಲಿ. ಅಪ್ಪ ದುಡಿಯುತ್ತಿದ್ದದ್ದು ಸಿಲೋನಿನಲ್ಲಿ. ಕಥೆಯಲ್ಲೂ ಹಾಗೇ: ಅಪ್ಪ ಸಿಲೋನಿನಿಂದ ಬರುತ್ತಾನೆ, ಜೊತೆಗೆ ಒಬ್ಬ ಪುಟ್ಟ ಹುಡುಗಿ. ಹೆಸರು ಲೀಲಾ. ಮಲಯಾಳದ ಒಂದು ಮಾತೂ ಬಾರದು, ಸಿಂಹಳ ಮಾತ್ರ. ಯಾರಿವಳು ಅನ್ನುವ ಪ್ರಶ್ನೆ ಮನೆಯೊಳಗೆ ಹೊಗೆಯಾಡಿ, ಕೊನೆಗೆ ಅಪ್ಪ ಅವಳನ್ನು ಕರೆದುಕೊಂಡು ಹೊರಟೇಬಿಡುತ್ತಾನೆ. ಕಥೆ ಹೇಳುವ ಹುಡುಗನ ಕೈಯಲ್ಲಿ ಉಳಿದದ್ದು ಅವಳು ಕೊಟ್ಟ ಒಂದು ರಬ್ಬರಿನ ಗೂಬೆ. ಹನ್ನೆರಡು ವರ್ಷ ಕಳೆದ ಮೇಲೆ ಆ ಆಟಿಕೆ ಮತ್ತೆ ಕೈಗೆ ಸಿಗುವಲ್ಲಿ ಕಥೆ ತೆರೆದುಕೊಳ್ಳುತ್ತದೆ. ನಾವೂ ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಚಾಕೊಲೇಟು, ಆಟಿಕೆ ತುಂಬಿಕೊಂಡು ಹೋಗುತ್ತೇವೆ. ನಮ್ಮ ಹಿಂದೆ ಅಲ್ಲಿ ಏನು ಹೊಗೆಯಾಡುತ್ತದೋ, ಯಾರು ಬಲ್ಲರು.

1958ರ 'ನಾಲುಕೆಟ್ಟು' ಕಾದಂಬರಿಯಲ್ಲೂ ಊರು ಬಿಟ್ಟವನದೇ ಕಥೆ. ನಾಲುಕೆಟ್ಟು ಅಂದರೆ ಹೆಚ್ಚುಕಡಿಮೆ ನಮ್ಮ ತೊಟ್ಟಿಮನೆ. ಮಲಬಾರಿನ ನಾಯರ್ ಮನೆತನಗಳಲ್ಲಿ ಆಗ ಅಳಿಯಸಂತಾನದ ಕಟ್ಟು: ವಂಶ, ಆಸ್ತಿ ತಾಯಿಯ ಕಡೆಯಿಂದ, ಸೋದರಮಾವನದೇ ಕಾರುಬಾರು. ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾವನ ಮಾತು ಮೀರಿ ಮದುವೆಯಾದವಳ ಮಗ ಅಪ್ಪುಣ್ಣಿ. ಆ ಮನೆಯಲ್ಲಿ ಅವನಿಗೆ ಜಾಗವಿಲ್ಲ. ಅಪ್ಪನಿಗೆ ವಿಷವಿಕ್ಕಿದನೆಂದು ಯಾರನ್ನು ಚಿಕ್ಕಂದಿನಿಂದ ದ್ವೇಷಿಸಿದನೋ, ಆ ಸೈದಾಲಿಕುಟ್ಟಿಯೇ ಮುಂದೆ ಅವನಿಗೆ ವಯನಾಡಿನ ಎಸ್ಟೇಟಿನಲ್ಲಿ ಕೆಲಸದ ದಾರಿ ತೋರಿಸುತ್ತಾನೆ. ದುಡ್ಡು ಮಾಡಿಕೊಂಡು ಬಂದ ಅಪ್ಪುಣ್ಣಿ ಅದೇ ಮನೆ ಕೊಂಡುಕೊಳ್ಳುತ್ತಾನೆ. ಕೊಂಡ ಮೇಲೆ ಅವನಿಗೆ ಅನ್ನಿಸುವುದು, ಇದನ್ನು ಕೆಡವಿಸಬೇಕು, ಗಾಳಿ ಬೆಳಕು ಬರುವ ಒಂದು ಸಣ್ಣ ಮನೆ ಸಾಕು ಎಂದು. ಇದು ಪ್ರಕಟವಾದಾಗ ಎಂ.ಟಿ.ಗೆ ಇಪ್ಪತ್ತೈದರ ಆಸುಪಾಸು. ಆ ವಯಸ್ಸಿನಲ್ಲಿ ನಾನಾಗಿದ್ದರೆ ತೊಟ್ಟಿಯ ನಡುವಿನ ತುಳಸಿಕಟ್ಟೆಯ ಮೇಲೆ ಒಂದು ಪುಟ ಕಣ್ಣೀರು ಸುರಿಸುತ್ತಿದ್ದೆ.

ಸಿನಿಮಾದ ಎಂ.ಟಿ. ಇನ್ನೂ ನಿರ್ದಯಿ. ಐವತ್ತಕ್ಕೂ ಹೆಚ್ಚು ಚಿತ್ರಕಥೆ ಬರೆದರು, ಅದಕ್ಕೆ ನಾಲ್ಕು ಸಲ ರಾಷ್ಟ್ರಪ್ರಶಸ್ತಿ ಬಂತು. ನಿರ್ದೇಶನ ಮಾಡಿದ್ದು ಕಡಿಮೆ. ಮೊದಲನೆಯದು 1973ರ 'ನಿರ್ಮಾಲ್ಯಂ', ಅವರದೇ ಸಣ್ಣಕಥೆಯಿಂದ ಹುಟ್ಟಿದ್ದು. ಬಡ ದೇವಸ್ಥಾನವೊಂದರ ವೆಳಿಚ್ಚಪ್ಪಾಡು, ನಮ್ಮ ಕಡೆ ಹೇಳುವುದಾದರೆ ಮೈಮೇಲೆ ದೇವಿ ಬರುವ ಪಾತ್ರಿ. ಮನೆಯಲ್ಲಿ ಒಲೆ ಉರಿಯುವುದೇ ಕಷ್ಟ. ಊರಿಗೆ ಸಿಡುಬು ಬಂದಾಗ ಜನಕ್ಕೆ ದೇವಿಯ ನೆನಪಾಗುತ್ತದೆ, ಉತ್ಸವ ಏರ್ಪಡುತ್ತದೆ. ಅದೇ ಹೊತ್ತಿಗೆ ಸಾಲ ಕೊಟ್ಟ ಅಂಗಡಿಯವನೊಂದಿಗೆ ಹೆಂಡತಿ ಇರುವುದು ಅವನ ಕಣ್ಣಿಗೆ ಬೀಳುತ್ತದೆ. ಮತ್ತೆ ದೇವಿಯ ಮುಂದೆ ಕುಣಿಯುತ್ತಾನೆ, ಕತ್ತಿಯಿಂದ ಹಣೆ ಕಡಿದುಕೊಳ್ಳುತ್ತಾನೆ, ಬಾಯಿಯ ನೆತ್ತರನ್ನು ವಿಗ್ರಹದ ಮುಖಕ್ಕೇ ಉಗಿದು ಬಿದ್ದು ಸಾಯುತ್ತಾನೆ. ಚೇಚಿಯ ಮನೆಯಲ್ಲಿ ಇದನ್ನು ನೋಡಿದ ಸಂಜೆ, ಮುಗಿದ ಮೇಲೆ ಐದು ನಿಮಿಷ ಯಾರೂ ದೀಪ ಹಾಕಲಿಲ್ಲ. ಟೀಪಾಯಿ ಮೇಲಿನ ನೇಂದ್ರ ಚಿಪ್ಸು ಹಾಗೇ ಉಳಿದಿತ್ತು.

ಆ ವರ್ಷದ ರಾಷ್ಟ್ರಪ್ರಶಸ್ತಿಯ ಪಟ್ಟಿ ನಮಗೂ ಬೇಕಾದದ್ದು. ಅತ್ಯುತ್ತಮ ಚಿತ್ರ 'ನಿರ್ಮಾಲ್ಯಂ', ಎರಡನೆಯದು ಗಿರೀಶ ಕಾರ್ನಾಡರ 'ಕಾಡು'. ಪಾತ್ರಿಯಾದ ಪಿ.ಜೆ. ಆಂಟನಿ ಅತ್ಯುತ್ತಮ ನಟ, 'ಕಾಡು'ವಿನ ನಂದಿನಿ ಭಕ್ತವತ್ಸಲ ಅತ್ಯುತ್ತಮ ನಟಿ. ಜ್ಞಾನಪೀಠದಲ್ಲೂ ಇದೇ ನೆರೆಹೊರೆ: 1994ರದು ಅನಂತಮೂರ್ತಿಯವರಿಗೆ, 1995ರದು ಎಂ.ಟಿ.ಗೆ.

ಎಂ.ಟಿ.ಯ ಮಹಾಭಾರತದ ಕಾದಂಬರಿ 'ರಂಡಾಮೂಳಂ' ಬಗ್ಗೆ ಕೇಳುವವರಿದ್ದಾರೆ, ಅದೂ ಭೈರಪ್ಪನವರ 'ಪರ್ವ'ದ ಜೊತೆ ತೂಗಿ. 'ಪರ್ವ' 1979ರದು, ಇದು 1984ರದು. ಎರಡರಲ್ಲೂ ಮಹಾಭಾರತದ ಪವಾಡಗಳನ್ನು ಕಳಚಿಟ್ಟಿದ್ದಾರೆ. ಅಲ್ಲಿ ಸರದಿಯ ಮೇಲೆ ಹಲವರು ತಮ್ಮ ತಮ್ಮ ಬಾಳನ್ನು ನೆನೆಯುತ್ತಾರೆ. ಇಲ್ಲಿ ಭೀಮ ಒಬ್ಬನೇ, ಎಲ್ಲದರಲ್ಲೂ ಎರಡನೇ ಸರದಿಯವನು. ನನ್ನ ಓಟು 'ಪರ್ವ'ಕ್ಕೆ. ಚೇಚಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ನಮ್ಮ ಪತ್ರಿಕೆಯ ಮುಂದಿನ ಸಂಚಿಕೆಗೆ 'ನಮ್ಮ ಊರಮನೆ' ಅಂತ ಲೇಖನ ಕೇಳಿದ್ದೆವು. ಇದುವರೆಗೆ ಬಂದ ಒಂಬತ್ತರಲ್ಲಿ ಒಂಬತ್ತೂ ಹಂಡೆ ನೀರು, ಉಪ್ಪಿನಕಾಯಿ ಭರಣಿ, ಅಜ್ಜಿಯ ಕೈತುತ್ತು. ಚೆನ್ನಾಗಿವೆ, ಹಾಕುತ್ತೇವೆ. ಪಾಲಿನ ಜಗಳದಲ್ಲಿ ಮಾತು ಬಿಟ್ಟವರು, ಮನೆ ಮಾರಿದವರು, ಆ ಮನೆಯ ಹಿಂಬಾಗಿಲಲ್ಲೇ ನಿಲ್ಲಬೇಕಾಗಿದ್ದವರು ಇದ್ದರೆ ನೀವೂ ಬರೆಯಿರಿ. ಹೆಸರು ಬೇಡವೆಂದರೆ ಹಾಕುವುದಿಲ್ಲ. ಇನ್ನೂ ನಾಲ್ಕು ಪುಟ ಖಾಲಿ ಇಟ್ಟುಕೊಂಡಿದ್ದೇನೆ.