ಅರಮನೆಯ ಪಕ್ಕದ ಪಾದ್ರಿ

ಪ್ರಿಯ ಗೆಳೆಯಾ,

ಭಾನುವಾರ ಮತ್ತೆ ಸ್ಟಾಕ್‌ಹೋಮಿನ ಹಳೇ ಪೇಟೆಗೆ ಹೋಗಿದ್ದೆ. ಅರಮನೆಯ ಪಕ್ಕದಲ್ಲೇ ಸ್ಟೂರ್‌ಶಿರ್ಕನ್ ಚರ್ಚು. ಒಳಗೊಂದು ಚಿತ್ರ ಇದೆ, ಅದರ ಮುಂದೆ ನಿಂತವನು ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಕೆಳಗೆ ನೀರು, ನೀರಿನ ನಡುವೆ ಪುಟ್ಟ ಊರು. ಮೇಲೆ ಆಕಾಶದ ತುಂಬ ಬಿಳಿ ಬಳೆಗಳು, ಒಂದರೊಳಗೊಂದು ಸಿಕ್ಕಿಕೊಂಡಿವೆ. ಸೂರ್ಯನ ಜೊತೆಗೆ ಸುಳ್ಳು ಸೂರ್ಯರು. 1535ರ ಏಪ್ರಿಲ್ 20ರಂದು ಊರವರು ಕಣ್ಣಾರೆ ಕಂಡದ್ದು ಇದು. ಮಂಜಿನ ಹರಳಿಗೆ ಬಿಸಿಲು ಬಿದ್ದರೆ ಹೀಗಾಗುತ್ತದೆ ಅಂತ ನಮಗೆ ಗೊತ್ತು. ಆಗ ಜನ ನಡುಗಿಬಿಟ್ಟರು. ಈಗ ಅಲ್ಲಿರುವುದು 1636ರ ಪ್ರತಿ, ಮೂಲ ಉಳಿದಿಲ್ಲ.

ಆ ಮೂಲವನ್ನು ಬರೆಸಿದವನು ಈ ಚರ್ಚಿನಲ್ಲೇ ಉಪದೇಶ ಮಾಡುತ್ತಿದ್ದ ಓಲಾಉಸ್ ಪೆಟ್ರಿ. ಓರೆಬ್ರೋ ಊರಿನ ಕಮ್ಮಾರನ ಮಗ. ವಿಟ್ಟೆನ್‌ಬರ್ಗಿನಲ್ಲಿ ಓದಿ, ಚರ್ಚಿನ ತಪ್ಪುಗಳ ವಿರುದ್ಧ ನಿಂತಿದ್ದ ಜರ್ಮನ್ ಪಾದ್ರಿ ಲೂಥರನ ಮಾತು ಕಿವಿಯಲ್ಲಿ ತುಂಬಿಕೊಂಡು 1518ರಲ್ಲಿ ಊರಿಗೆ ಬಂದ. 1523ರಲ್ಲಿ ಗುಸ್ತಾವ್ ವಾಸಾ ಸ್ವೀಡನ್ನಿನ ರಾಜನಾದ. ರಾಜನಿಗೆ ಬೇಕಿದ್ದದ್ದು ಚರ್ಚಿನ ಆಸ್ತಿ. ಇವನಿಗೆ ಬೇಕಿದ್ದದ್ದು ಜನರ ಭಾಷೆಯಲ್ಲಿ ದೇವರ ಮಾತು. ಸ್ವಲ್ಪ ಕಾಲ ಎರಡೂ ಒಂದೇ ದಾರಿಯಲ್ಲಿ ನಡೆದವು. 1531ರಲ್ಲಿ ಇವನು ರಾಜನ ಚಾನ್ಸಲರ್ ಕೂಡ ಆದ. ಅದೇ ವರ್ಷ ರಾಜ, ಜರ್ಮನ್ ವ್ಯಾಪಾರದ ಊರು ಲ್ಯೂಬೆಕ್ಕಿನ ಸಾಲ ತೀರಿಸಲು ಊರೂರ ಚರ್ಚುಗಳಿಂದ ಗಂಟೆ ಕೇಳಿದ. ಗಂಟೆ ಕಳೆದುಕೊಂಡ ಹಳ್ಳಿಯ ಸಂಕಟ ನೀನೇ ಊಹಿಸಿಕೋ.

ಚಾನ್ಸಲರ್ ಕೆಲಸ ಎರಡೇ ವರ್ಷಕ್ಕೆ ಮುಗಿಯಿತು. ಆದರೆ ಇವನ ಬಾಯಿ ಸುಮ್ಮನಿರಲಿಲ್ಲ. ಕೆಟ್ಟ ಆಣೆ, ಬೈಗುಳಗಳ ವಿರುದ್ಧ ಉಪದೇಶ ಮಾಡಿದ. ಬಾಯಿಗೆ ಬಂದಂತೆ ಬೈಯುವುದು ರಾಜನದೇ ಅಭ್ಯಾಸ! ಅರಮನೆಗೆ ಅದು ಕೇಳಿಸದೆ ಇರುತ್ತದೆಯೇ?

ಕೊನೆಗೆ ವಿಚಾರಣೆ ನಡೆದದ್ದು ಇವನು ಹುಟ್ಟಿದ ಓರೆಬ್ರೋದಲ್ಲೇ. 1536ರಲ್ಲಿ ರಾಜನನ್ನು ಕೊಲ್ಲುವ ಸಂಚು ನಡೆದಿತ್ತು. ಪಾಪನಿವೇದನೆಯಲ್ಲಿ ಅದು ಕಿವಿಗೆ ಬಿದ್ದಿದ್ದರೂ ರಾಜನಿಗೆ ತಿಳಿಸಲಿಲ್ಲ ಎನ್ನುವುದು ಮುಖ್ಯ ಆರೋಪ. ಪಾದ್ರಿಯನ್ನು ನಂಬಿ ಹೇಳಿದ ಮಾತನ್ನು ಪಾದ್ರಿ ಬಾಯಿಬಿಡಬಹುದೇ? ಬಿಡದಿದ್ದರೆ ದ್ರೋಹಿ. 1540ರ ಜನವರಿ 2ರಂದು ಮರಣದಂಡನೆಯ ತೀರ್ಪು ಬಂತು. ತೀರ್ಪು ಕೊಟ್ಟವರಲ್ಲಿ ಇವನ ಸ್ವಂತ ತಮ್ಮ ಲಾರೆಂಟಿಯಸ್ ಇದ್ದ, ಉಪ್ಸಾಲಾದ ಆರ್ಚ್‌ಬಿಷಪ್. ಅಣ್ಣನ ಸಾವಿಗೆ ತಮ್ಮನೇ ಒಪ್ಪಿಗೆ ಕೊಡುವ ಹಾಗೆ ಮಾಡಿದರು ಗೆಳೆಯಾ. ಇಲ್ಲಿಗೆ ಬಂದಾಗೆಲ್ಲ ನನ್ನ ಹೊಟ್ಟೆ ಕಿವುಚುತ್ತದೆ. ಆ ರಾತ್ರಿ ತಮ್ಮ ಊಟ ಮಾಡಿರಬಹುದಾ?

ಸ್ಟಾಕ್‌ಹೋಮಿನ ಪೇಟೆಯವರು ದೊಡ್ಡ ದಂಡ ಕಟ್ಟಿ ಇವನನ್ನು ಬಿಡಿಸಿಕೊಂಡರು. 1543ರಲ್ಲಿ ಅದೇ ಚರ್ಚಿಗೆ ಪಾದ್ರಿಯಾಗಿ ವಾಪಸ್ ಬಂದ. ನ್ಯಾಯಾಧೀಶರಿಗೆ ಇವನು ಬರೆದ ನಿಯಮಗಳನ್ನು ಸ್ವೀಡನ್ನಿನ ಕಾನೂನು ಪುಸ್ತಕದ ಮೊದಲಲ್ಲಿ ಈಗಲೂ ಅಚ್ಚು ಹಾಕುತ್ತಾರೆ. ನ್ಯಾಯವಲ್ಲದ್ದು ಕಾನೂನೂ ಆಗಲಾರದು ಅನ್ನುತ್ತದೆ ಅದರಲ್ಲಿನ ಒಂದು ಮಾತು.

1552ರಲ್ಲಿ ತೀರಿಕೊಂಡ. ಅದೇ ಚರ್ಚಿನಲ್ಲಿ ಸಮಾಧಿ. ನೀನು ಬೇಸಿಗೆಗೆ ಬರುತ್ತೀಯಲ್ಲ, ಬ್ಯಾಗು ಮನೇಲಿಟ್ಟು ಮೊದಲು ಅಲ್ಲಿಗೇ ಹೋಗೋಣ.

ನಿನ್ನವನು