ಮೈಕ್ ಟೆಸ್ಟಿಂಗ್‌ಗೆ ಹಾರಿಹೋದ ಹೆಬ್ಬಾತುಗಳು

ಮಾನ್ಯ ಸಂಪಾದಕರೇ,

ನಮ್ಮ ಕೆರೆ ಪಾರ್ಕಿನಲ್ಲಿ ನಡೆದ ಜೌಗು ಪ್ರದೇಶ ದಿನದ ಬಗ್ಗೆ ‘ಹಕ್ಕಿಗಳ ಕಲರವದ ನಡುವೆ ಉದ್ಘಾಟನೆ’ ಅಂತ ಬರೆದಿದ್ದೀರಿ. ಯಾವ ಹಕ್ಕಿ ಸ್ವಾಮಿ? ನಾನೂ ಅಲ್ಲೇ ಇದ್ದೆ.

ಮೊಮ್ಮಗಳಿಗೆ ಪಟ್ಟೆತಲೆ ಹೆಬ್ಬಾತು ತೋರಿಸಬೇಕು ಅಂತ ಶಾಲೆಗೆ ರಜೆ ಹಾಕಿಸಿ, ನಾಲ್ಕೂವರೆಗೇ ಎದ್ದು, ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಹೋಗಿದ್ದೆ. ಆರಕ್ಕೆ ತೆಗೆಯಬೇಕಾದ ಗೇಟು ತೆಗೆದದ್ದು ಏಳೂಕಾಲಿಗೆ. ಕ್ಯಾಮೆರಾಗೆ ಬೇರೆ ಚೀಟಿ. ಚಿಲ್ಲರೆ ಇಲ್ಲ, ಫೋನ್‌ಪೇ ಮಾಡೋಣ ಅಂದರೆ ನೆಟ್‌ವರ್ಕ್ ಇಲ್ಲ.

ಈ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ರಾತ್ರಿ ಹೊಲದಲ್ಲಿ ಮೇದು ಬೆಳಗ್ಗೆ ನೀರಿಗೆ ಬಂದು ಸುಧಾರಿಸಿಕೊಳ್ಳುತ್ತವೆ. ಇನ್ನು ಸ್ವಲ್ಪ ದಿನಕ್ಕೆ ಅಷ್ಟೇ ದೂರ ವಾಪಸ್ ಹಾರಬೇಕು, ಮೈಗೆ ನಾಲ್ಕು ಕಾಳು ಹತ್ತುವ ಹೊತ್ತು ಇದೇ. ಶಾಮಿಯಾನದ ಹುಡುಗ ‘ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ’ ಅಂದ. ಮೊದಲು ಒಂದು ಹೆಬ್ಬಾತು ಕತ್ತು ನೆಟ್ಟಗೆ ಮಾಡಿತು. ಆಮೇಲೆ ಪಕ್ಕದ್ದು. ‘ತ್ರೀ’ ಮುಗಿಯುವಷ್ಟರಲ್ಲಿ ಇಡೀ ಹಿಂಡೇ ಎದ್ದು ಹೋಯಿತು! ಉಳಿದದ್ದು ನಾಮದ ಕೋಳಿ ಅನ್ನೋ ನೀರುಹಕ್ಕಿ ನಾಲ್ಕು, ಅವೂ ಜೊಂಡಿನೊಳಗೆ. ಮೊಮ್ಮಗಳು ಬೈನಾಕ್ಯುಲರ್ ಇನ್ನೂ ಕಣ್ಣಿಗೆ ಹೊಂದಿಸಿಕೊಳ್ಳುತ್ತಿದ್ದಳು. “ಎಲ್ಲಿ ತಾತ?”

ಮುಖ್ಯ ಅತಿಥಿಗಳು ಬಂದದ್ದು ಹನ್ನೊಂದಕ್ಕೆ. ಖಾಲಿ ನೀರಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಂಡರು, ಮುಕ್ಕಾಲು ಗಂಟೆ ಹಕ್ಕಿಗಳ ಮೇಲೆ ಮಾತಾಡಿದರು. ಗದಗದ ಮಾಗಡಿ ಕೆರೆಗೆ, ಅಂಕಸಮುದ್ರಕ್ಕೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿತಲ್ಲ, ನಮ್ಮ ಕೆರೆಗೂ ತರುತ್ತಾರಂತೆ. ತನ್ನಿ, ತಂದದ್ದನ್ನೂ ಮೈಕಿನಲ್ಲೇ ಕೂಗಿ.

ಇವರಿಂದ ಇನ್ನೇನು ಆದೀತು ಬಿಡಿ. ವೀಕ್ಷಣಾ ಗೋಪುರದ ಮೆಟ್ಟಿಲು ಮುರಿದು ಮೂರು ವರ್ಷ. ಮನವಿ ಕೊಟ್ಟಾಗ ಆಗಿನ ಸಾಹೇಬರು ಟೀ ಕುಡಿಸಿ ‘ಎಸ್ಟಿಮೇಟ್ ಮೇಲಕ್ಕೆ ಹೋಗಿದೆ’ ಅಂದಿದ್ದರು. ಸಾಹೇಬರು ವರ್ಗವಾದರು. ಎಸ್ಟಿಮೇಟ್ ಮೇಲಕ್ಕೆ ಹೋಗೀ ಹೋಗೀ ಈಗ ಅದೂ ಹಿಮಾಲಯ ದಾಟಿರಬೇಕು. ಬೋರ್ಡಿನಲ್ಲಿ ನೀರುಕಾಗೆ ಚಿತ್ರದ ಕೆಳಗೆ ‘ಮಿಂಚುಳ್ಳಿ’ ಅಂತಿದೆ, ಹೇಳಿದರೆ ‘ಯಾರು ಸಾರ್ ನೋಡ್ತಾರೆ’ ಅಂತಾರೆ. ಮಕ್ಕಳು ನೋಡುತ್ತಾರಲ್ವಾ? ನಮ್ಮ ಬೀದಿಯ ಚರಂಡಿ ವಿಷಯಕ್ಕೂ ಇದೇ ಉತ್ತರ, ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಇನ್ನು ಮುಂದೆ ಕೆರೆ ಹತ್ತಿರ ಮೈಕ್ ಹಾಕಬಾರದು. ಹಾಕಲೇಬೇಕಿದ್ದರೆ ಹೆಬ್ಬಾತು ಹೋದಮೇಲೆ ಮೇ ತಿಂಗಳಲ್ಲಿ ಹಾಕಿಕೊಳ್ಳಿ, ಇಲ್ಲಾ ಗೇಟನ್ನಾದರೂ ಆರಕ್ಕೆ ತೆಗೆಯಿರಿ. ಯಾವುದೂ ಆಗದಿದ್ದರೆ ನನ್ನ ಕ್ಯಾಮೆರಾ ಚೀಟಿಯ ದುಡ್ಡು ವಾಪಸ್ ಕೊಡಿ, ಚಿಲ್ಲರೆ ನಾನೇ ತರುತ್ತೇನೆ.

– ನಿಮ್ಮ ಹಳೇ ಓದುಗ